ಸೂಚನೆಯ ವ್ಯಾಕರಣ, ಸುರಕ್ಷತೆಯ ಪ್ರಶ್ನೆ: ಪ್ರಯೋಗಾಲಯದ ತಾಪನಿಯಂತ್ರಕವೊಂದರ ಕನ್ನಡ ಸೂಚನಾಪತ್ರವನ್ನು ಕುರಿತು

1. ಪ್ರವೇಶ

ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವ ಪ್ರಯತ್ನಕ್ಕೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶಯ್ಯಂಗಾರ್ ಅವರು ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿದ್ದು 1918ರಲ್ಲಿ. ಅಲ್ಲಿಂದ ಡಿ.ಎನ್. ಶಂಕರ ಭಟ್ಟರ ಪದಕಟ್ಟಣೆಯ ವಾದದವರೆಗೆ ನಮ್ಮ ಚರ್ಚೆ ಹೆಚ್ಚಾಗಿ ಒಂದೇ ಪ್ರಶ್ನೆಯ ಸುತ್ತ ತಿರುಗಿದೆ: ಪಾರಿಭಾಷಿಕ ಪದ ಸಂಸ್ಕೃತದಿಂದ ಬರಬೇಕೆ, ಕನ್ನಡದ ಬೇರುಗಳಿಂದ ಹುಟ್ಟಬೇಕೆ, ಅಥವಾ ಇಂಗ್ಲಿಷಿನದನ್ನೇ ಉಳಿಸಿಕೊಳ್ಳಬೇಕೆ? ಪ್ರಶ್ನೆ ಮುಖ್ಯವಾದುದೇ. ಆದರೆ ಅದು ನಾಮಪದದ ಪ್ರಶ್ನೆ. ವಿಜ್ಞಾನದ ಬರೆಹಗಳಲ್ಲಿ ಒಂದು ಬಗೆ ಮಾತ್ರ ವಿವರಣೆಗಿಂತ ಹೆಚ್ಚಾಗಿ ಕ್ರಿಯೆಯನ್ನು ಅವಲಂಬಿಸಿದೆ. ಅದೇ ಸೂಚನೆ. ಸೂಚನೆಯನ್ನು ಓದುವವನಿಗೆ ಅರ್ಥವಾದರಷ್ಟೇ ಸಾಲದು. ಅವನು ಅದರಂತೆ ಕೈಯಾಡಿಸಬೇಕು.

ಈ ಲೇಖನದಲ್ಲಿ ನಾವು ಒಂದೇ ಒಂದು ಪುಟದ ಬರೆಹವನ್ನು ವಿಮರ್ಶೆಗೆ ಎತ್ತಿಕೊಂಡಿದ್ದೇವೆ. ನಮ್ಮ ವಾದ ಇಷ್ಟು: ಕನ್ನಡದ ಸೂಚನಾ ಬರೆಹದಲ್ಲಿ ಅಪಾಯ ಹೆಚ್ಚಾಗಿ ಅಡಗಿರುವುದು ಪಾರಿಭಾಷಿಕ ಪದದಲ್ಲಲ್ಲ, ಕ್ರಿಯಾಪದದ ರೂಪದಲ್ಲಿ, ಅದನ್ನು ಗುರುತಿಸುವ ಹೊಣೆ ಭಾಷಾವಿಜ್ಞಾನಿಗಳದು.

2. ಉಪಕರಣ ಮತ್ತು ಪಠ್ಯ

ಪಠ್ಯವು ಪದವಿ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ, ಆಯಿಲ್ ಬಾತ್ ಇರುವ ಕಟ್ಟೆಯ ಮೇಲಿನ ಗೋಡೆಗೆ ಅಂಟಿಸಿದ ಸೂಚನಾಪತ್ರ. ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗಳಿಗೂ ಪ್ರಯೋಗಾಲಯದ ಸಹಾಯಕರಿಗೂ ಅನುಕೂಲವಾಗಲೆಂದು ಅಲ್ಲಿನ ಅಧ್ಯಾಪಕರೇ ಅದನ್ನು ಇಂಗ್ಲಿಷ್ ಕೈಪಿಡಿಯಿಂದ ಕನ್ನಡಕ್ಕೆ ತಂದಿದ್ದಾರೆ. ಈ ಕಾಳಜಿಯನ್ನು ನಾವು ಗೌರವಿಸುತ್ತೇವೆ. ಕನ್ನಡದಲ್ಲಿ ಸೂಚನೆಯೇ ಇಲ್ಲದ ಪ್ರಯೋಗಾಲಯಗಳ ಎದುರು ಇದು ಮುಂದಿಟ್ಟ ಹೆಜ್ಜೆಯೇ ಸರಿ.

ಉಪಕರಣದ ಕೆಲಸ ಸರಳವಾದುದು. ಎಣ್ಣೆಯಲ್ಲಿ ಮುಳುಗಿರುವ ಥರ್ಮೋಕಪಲ್ ತಾಪವನ್ನು ಅಳೆಯುತ್ತದೆ. ನಿಯಂತ್ರಕವು ಆ ಅಳತೆಯನ್ನು ನಾವು ಕೊಟ್ಟ ಗುರಿಯೊಡನೆ ಹೋಲಿಸಿ, ರಿಲೇಯ ಮೂಲಕ ಹೀಟರಿಗೆ ವಿದ್ಯುತ್ತನ್ನು ಕೊಡುತ್ತದೆ ಅಥವಾ ತಡೆಯುತ್ತದೆ. ಈ ವ್ಯವಸ್ಥೆಯ ದೌರ್ಬಲ್ಯವೂ ಇಲ್ಲಿಯೇ ಇದೆ: ನಿಯಂತ್ರಕಕ್ಕೆ ಎಣ್ಣೆಯ ತಾಪ ಗೊತ್ತಿಲ್ಲ, ಸಂವೇದಕದ ತುದಿಯ ತಾಪವಷ್ಟೇ ಗೊತ್ತು. ತುದಿಯು ಎಣ್ಣೆಯಿಂದ ಜಾರಿ ಹೊರಗೆ ತೂಗಿದರೆ ಅದು ಕೋಣೆಯ ಗಾಳಿಯನ್ನು ಅಳೆಯುತ್ತದೆ; ನಿಯಂತ್ರಕವು ‘ಇನ್ನೂ ತಣ್ಣಗಿದೆ’ ಎಂದೇ ತಿಳಿದು ಹೀಟರನ್ನು ಪೂರ್ಣ ಶಕ್ತಿಯಲ್ಲಿ ನಡೆಸುತ್ತದೆ. ಹಲವು ನಿಯಂತ್ರಕಗಳು ತಂತಿ ತುಂಡಾದುದನ್ನು ಗುರುತಿಸಬಲ್ಲವು. ಸಂವೇದಕ ಜಾರಿ ಹೊರಬಂದುದನ್ನು ಹಾಗೆ ಗುರುತಿಸಲಾರವು. ಆದುದರಿಂದಲೇ ಪ್ರತ್ಯೇಕ ಸಂವೇದಕವುಳ್ಳ, ಮಿತಿ ಮೀರಿದಾಗ ವಿದ್ಯುತ್ತನ್ನೇ ಕಡಿಯುವ ಎರಡನೆಯ ಸಾಧನವೊಂದನ್ನು ಜೋಡಿಸುವುದು ರೂಢಿ. ಅದನ್ನು ನಾವು ಇಲ್ಲಿ ‘ಮಿತಿರಕ್ಷಕ’ ಎಂದು ಕರೆಯುತ್ತೇವೆ.

3. ನಾಮಪದ ಮತ್ತು ವಿಶೇಷಣ

ಮೊದಲು ಪದಗಳ ಮಟ್ಟದ ಎರಡು ತೊಡಕುಗಳನ್ನು ನೋಡೋಣ.

(1) ತಾಪಮಾನವನ್ನು 120 ಡಿಗ್ರಿಗೆ ಇಡಿ.

ಕನ್ನಡದಲ್ಲಿ ತಾಪ, ತಾಪಮಾನ, ಉಷ್ಣತೆ, ಉಷ್ಣಾಂಶ ಎಂಬ ನಾಲ್ಕು ಪದಗಳು ಬಳಕೆಯಲ್ಲಿವೆ. ಇವುಗಳಲ್ಲಿ ಯಾವುದು ಸರಿ ಎಂಬ ಚರ್ಚೆ ನಮಗೆ ಪರಿಚಿತ. ಆದರೆ (1)ರ ದೋಷ ನಾಲ್ಕರಲ್ಲಿ ಯಾವುದನ್ನು ಬಳಸಿದರೂ ಹಾಗೆಯೇ ಉಳಿಯುತ್ತದೆ. ಉಪಕರಣದ ಮುಖದ ಮೇಲೆ ಎರಡು ಅಂಕಿಗಳಿವೆ: ‘ಪಿವಿ’ ಎಂಬುದು ಅಳೆದ ತಾಪ, ‘ಎಸ್‌ವಿ’ ಎಂಬುದು ಗುರಿತಾಪ. ಸೂಚನಾಪತ್ರವು ಎರಡನ್ನೂ ‘ತಾಪಮಾನ’ ಎಂದೇ ಕರೆಯುತ್ತದೆ. ‘ಇಡು’ ಎಂಬ ಧಾತುವೂ ‘ಹೊಂದಿಸು’, ‘ಹಾಗೆಯೇ ಕಾಯ್ದಿರಿಸು’ ಎಂಬ ಎರಡು ಅರ್ಥಗಳಿಗೆ ಎಡೆಗೊಡುತ್ತದೆ. ಗುಂಡಿಯನ್ನು ಒತ್ತಿ ಸುಮ್ಮನಿರಬೇಕೆ, ಅಥವಾ ಎಣ್ಣೆಯ ತಾಪ 120ರಲ್ಲಿ ನಿಲ್ಲುವಂತೆ ತಾನೇ ನೋಡಿಕೊಳ್ಳಬೇಕೆ ಎಂಬುದು ಓದುಗನಿಗೆ ತಿಳಿಯುವುದಿಲ್ಲ.

(2) ಸರಿಯಾದ ಸಂವೇದಕವನ್ನು ಸರಿಯಾಗಿ ಜೋಡಿಸಿ.

ಇಲ್ಲಿ ‘ಸರಿ’ ಎಂಬುದಕ್ಕೆ ಒರೆಗಲ್ಲನ್ನು ಕೊಟ್ಟಿಲ್ಲ. ಕೆ-ಮಾದರಿಯ ಥರ್ಮೋಕಪಲ್ ಪ್ರತಿ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಕೊಡುತ್ತದೆ. ಜೆ-ಮಾದರಿಯದು ಅದಕ್ಕಿಂತ ಹೆಚ್ಚು, 50ರ ಮೇಲೆ. ನಿಯಂತ್ರಕವನ್ನು ‘ಜೆ’ ಎಂದು ಹೊಂದಿಸಿ ಕೆ-ಮಾದರಿಯದನ್ನು ಸಿಕ್ಕಿಸಿದರೆ, ನಿಜವಾದ ತಾಪ 200 ಡಿಗ್ರಿ ಸೆಲ್ಸಿಯಸ್ ಇರುವಾಗ ಅಂಕಿ ಸುಮಾರು 155ನ್ನು ತೋರುತ್ತದೆ, ಹೀಟರ್ ಉರಿಯುತ್ತಲೇ ಇರುತ್ತದೆ. ತಂತಿಗಳ ಬಣ್ಣವೂ ನಂಬಿಕೆಗೆ ಅರ್ಹವಲ್ಲ. ಅಮೆರಿಕದ ಪದ್ಧತಿಯಲ್ಲಿ ಕೆ-ಮಾದರಿಯ ಹಳದಿ ತಂತಿ ಧನ, ಕೆಂಪು ಋಣ. ಐಇಸಿ ಪದ್ಧತಿಯಲ್ಲಿ ಹಸಿರು ಧನ, ಬಿಳಿ ಋಣ. ‘ಕೆಂಪು ಎಂದರೆ ಧನ’ ಎಂಬ ರೂಢಿಯ ತಿಳಿವಳಿಕೆಯಿಂದ ಅಮೆರಿಕದ ಬಣ್ಣಪದ್ಧತಿಯ ತಂತಿಗಳನ್ನು ಜೋಡಿಸಿದವನು ಎರಡನ್ನೂ ಅದಲುಬದಲು ಮಾಡಿರುತ್ತಾನೆ. ಆಗ ಎಣ್ಣೆ ಬಿಸಿಯಾದಷ್ಟೂ ಅಂಕಿ ಇಳಿಯುತ್ತದೆ. (2)ನ್ನು ಬರೆದವರಿಗೆ ಇದೆಲ್ಲ ತಿಳಿದಿದ್ದಿರಬಹುದು. ತಿಳಿಯದವನಿಗೆ ಆ ವಾಕ್ಯ ಏನನ್ನೂ ಹೇಳುವುದಿಲ್ಲ.

4. ಕ್ರಿಯಾಪದ

ಮೇಲಿನವನ್ನು ಪದದ ಆಯ್ಕೆಯಿಂದಲೂ ಮಾಹಿತಿಯ ಸೇರ್ಪಡೆಯಿಂದಲೂ ತಿದ್ದಬಹುದು. ಮುಂದಿನ ಮೂರು ವಾಕ್ಯಗಳ ಸಮಸ್ಯೆ ಬೇರೆ ಬಗೆಯದು.

(3) ತಾಪವು ಮಿತಿಯನ್ನು ಮೀರಿದಲ್ಲಿ ವಿದ್ಯುತ್ ಸಂಪರ್ಕವನ್ನು ಕಡಿತಗೊಳಿಸಲಾಗುವುದು.

ಯಾರು ಕಡಿತಗೊಳಿಸುವವರು? ಇಂಗ್ಲಿಷ್ ಕೈಪಿಡಿಗಳಲ್ಲಿ ವಿಧಿಯನ್ನು ಸೂಚಿಸುವ ಸಹಾಯಕ ಕ್ರಿಯಾಪದವನ್ನು ಅನುವಾದಕರು ಭವಿಷ್ಯದ್ರೂಪವೆಂದು ಭಾವಿಸಿ ‘-ಅಲಾಗುವುದು’ ಎಂದು ತರುವುದು ಸಾಮಾನ್ಯ. ಕನ್ನಡದಲ್ಲಿ ಈ ರೂಪ ವಿಧಿಯಲ್ಲ, ಭರವಸೆ. ‘ಅರ್ಜಿಗಳನ್ನು ಸ್ವೀಕರಿಸಲಾಗುವುದು’ ಎಂಬ ಪ್ರಕಟಣೆಯನ್ನು ಓದಿದವರು ತಾವೇ ಅರ್ಜಿ ಸ್ವೀಕರಿಸಲು ಹೊರಡುವುದಿಲ್ಲ. ಹಾಗೆಯೇ (3)ನ್ನು ಓದಿದವನು ‘ಯಂತ್ರವೇ ನೋಡಿಕೊಳ್ಳುತ್ತದೆ’ ಎಂದು ಕೈಕಟ್ಟಿ ನಿಲ್ಲುವುದು ಅವನ ತಪ್ಪಲ್ಲ; ಅವನು ಕನ್ನಡವನ್ನು ಸರಿಯಾಗಿಯೇ ಓದಿದ್ದಾನೆ. ವಿಧಿಗೆ ನಮ್ಮಲ್ಲಿ ‘-ತಕ್ಕದ್ದು’ ಇದೆ, ‘-ಬೇಕು’ ಇದೆ, ನೇರವಾದ ವಿಧ್ಯರ್ಥರೂಪವಿದೆ. ಇವುಗಳಲ್ಲಿಯೂ ಕರ್ತೃವನ್ನು ಓದುಗನಲ್ಲೇ ನಿಲ್ಲಿಸುವುದು ವಿಧ್ಯರ್ಥರೂಪವೊಂದೇ.

(4) ಆಟೋಟ್ಯೂನ್ ಸಮಯದಲ್ಲಿ ತಾಪವು ಗುರಿಯನ್ನು ಮೀರಬಹುದು.

‘-ಬಹುದು’ ಸಂಭಾವ್ಯತೆಯನ್ನೂ ಅನುಮತಿಯನ್ನೂ ಸೂಚಿಸುತ್ತದೆ. ಆಟೋಟ್ಯೂನ್ ನಡೆಯುವಾಗ ಹಲವು ನಿಯಂತ್ರಕಗಳು ಬೇಕೆಂದೇ ತಾಪವನ್ನು ಗುರಿಯ ಮೇಲೆ ಕೆಳಗೆ ಓಲಾಡಿಸಿ ತಮ್ಮ ಸ್ಥಿರಾಂಕಗಳನ್ನು ಲೆಕ್ಕ ಹಾಕುತ್ತವೆ. ಹಾಗಾಗಿ ಈ ಮಾತು ಎಚ್ಚರಿಕೆಯಾಗಿರಬೇಕಿತ್ತು. ಅಚೇತನ ಕರ್ತೃವಿನೊಡನೆ ಸಂಭಾವ್ಯತೆಯ ಅರ್ಥವೇ ಮುಂದಾಗುತ್ತದೆಂಬುದನ್ನು ನಾವು ಒಪ್ಪುತ್ತೇವೆ. ಆದರೂ ಎಷ್ಟು ಮೀರಿದರೆ ಸಹಿಸಬಹುದೆಂಬ ಮಿತಿ ಇಲ್ಲದಿರುವುದರಿಂದ ಅನುಮತಿಯ ಛಾಯೆ ಉಳಿದುಬಿಡುತ್ತದೆ: ಮೀರಿದರೂ ಚಿಂತೆಯಿಲ್ಲ ಎಂಬಂತೆ.

ನಮ್ಮ ವಾದದ ತಿರುಳಿರುವುದು ಮುಂದಿನ ವಾಕ್ಯದಲ್ಲಿ.

(5) ಮಿತಿರಕ್ಷಕವನ್ನು ಮರುಹೊಂದಿಸಿ ಹೀಟರನ್ನು ಆನ್ ಮಾಡಬೇಡಿ.

ಇದು ಮಿತಿರಕ್ಷಕವು ಒಮ್ಮೆ ವಿದ್ಯುತ್ತನ್ನು ಕಡಿದ ಬಳಿಕ ಪಾಲಿಸಬೇಕಾದ ಸೂಚನೆ. ‘ಮರುಹೊಂದಿಸಿ’ ಎಂಬುದು ಏನು? ಅದು ಭೂತಕೃದಂತಾವ್ಯಯವೂ ಹೌದು, ಬಹುವಚನ ವಿಧ್ಯರ್ಥವೂ ಹೌದು. ವಿಧ್ಯರ್ಥವಾದರೆ ಅರ್ಥ: ಮರುಹೊಂದಿಸಿರಿ, ಹೀಟರನ್ನು ಆನ್ ಮಾಡಬೇಡಿರಿ. ಕೃದಂತಾವ್ಯಯವಾದರೆ ಮತ್ತೆ ಎರಡು ದಾರಿಗಳು. ನಿಷೇಧದ ವ್ಯಾಪ್ತಿ ಕೊನೆಯ ಕ್ರಿಯೆಗಷ್ಟೇ ಸೀಮಿತವಾದರೆ ಅರ್ಥ ಮೊದಲಿನದೇ. ವ್ಯಾಪ್ತಿಯು ಇಡೀ ಸರಣಿಯನ್ನು ಒಳಗೊಂಡರೆ ಅರ್ಥ ತಿರುಗಿಬೀಳುತ್ತದೆ: ಮರುಹೊಂದಿಸಿ ಆನ್ ಮಾಡುವ ಕೆಲಸಕ್ಕೇ ಕೈಹಾಕಬೇಡಿರಿ. ಬರೆದವರ ಉದ್ದೇಶ ಈ ಕೊನೆಯದು. ವಾಕ್ಯವು ಮೂರಕ್ಕೂ ಸಮಾನವಾಗಿ ತೆರೆದಿದೆ.

ಇದು ವ್ಯಾಕರಣದ ಕಸರತ್ತಲ್ಲ. ಮಿತಿರಕ್ಷಕವು ಕೆಲಸ ಮಾಡಿತೆಂದರೆ ಮೊದಲನೆಯ ನಿಯಂತ್ರಣ ಸೋತಿದೆ ಎಂದೇ ಸಂಶಯಿಸಬೇಕು. ಸೋಲಿನ ಒಂದು ಸಾಮಾನ್ಯ ಕಾರಣ ಸಾಲಿಡ್ ಸ್ಟೇಟ್ ರಿಲೇ. ಅದು ಕೆಡುವಾಗ ಬಹುಮಟ್ಟಿಗೆ ತೆರೆದುಕೊಳ್ಳುವುದಿಲ್ಲ, ಮುಚ್ಚಿಕೊಂಡೇ ಕೆಡುತ್ತದೆ; ಅಂದರೆ ನಿಯಂತ್ರಕವು ‘ನಿಲ್ಲಿಸು’ ಎಂದರೂ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಅಂತಹ ಸ್ಥಿತಿಯಲ್ಲಿ ಹೀಟರಿಗೆ ವಿದ್ಯುತ್ತನ್ನು ತಡೆದು ನಿಂತಿರುವುದು ಮಿತಿರಕ್ಷಕವೊಂದೇ. ಅದನ್ನು ಮರುಹೊಂದಿಸಿದ ಗಳಿಗೆಯಲ್ಲೇ ಹೀಟರ್ ಉರಿಯತೊಡಗುತ್ತದೆ. ‘ಆನ್ ಮಾಡುವ’ ಬೇರೆ ಕ್ರಿಯೆಯೇ ಬೇಕಿಲ್ಲ. (5)ನ್ನು ಮೊದಲ ಅರ್ಥದಲ್ಲಿ ಓದಿ ಅಕ್ಷರಶಃ ಪಾಲಿಸಿದವನು, ತಾನು ಹೀಟರನ್ನು ಆನ್ ಮಾಡಿಲ್ಲವೆಂಬ ನೆಮ್ಮದಿಯಲ್ಲಿ, ಮೊದಲೇ ಮಿತಿ ಮೀರಿ ಕಾದ ಎಣ್ಣೆಯನ್ನು ಇನ್ನೂ ಕಾಯಿಸುತ್ತಿರುತ್ತಾನೆ.

ಈ ಸಂದಿಗ್ಧತೆ ಎಲ್ಲ ಧಾತುಗಳಲ್ಲೂ ಇಲ್ಲ. ತೆಗೆದು–ತೆಗೆಯಿರಿ, ಹಿಡಿದು–ಹಿಡಿಯಿರಿ, ಇಟ್ಟು–ಇಡಿ, ಬಿಟ್ಟು–ಬಿಡಿ: ಇಲ್ಲೆಲ್ಲ ಎರಡು ರೂಪಗಳು ಬೇರೆಬೇರೆಯಾಗಿಯೇ ಇವೆ. ರೂಪಗಳು ಒಂದಾಗುವುದು ‘ಮಾಡು’, ‘ಒತ್ತು’ ಮುಂತಾದ ಉಕಾರಾಂತ ಧಾತುಗಳಲ್ಲಿ ಹಾಗೂ ‘-ಇಸು’ ಪ್ರತ್ಯಯಾಂತಗಳಲ್ಲಿ. ತಾಂತ್ರಿಕ ಕನ್ನಡದ ದುರದೃಷ್ಟವೆಂದರೆ, ಎರವಲು ಕ್ರಿಯೆಗಳೆಲ್ಲ ‘ಮಾಡು’ವಿನ ಆಸರೆಯಿಂದ ಬರುತ್ತವೆ (ಸೆಟ್ ಮಾಡಿ, ರೀಸೆಟ್ ಮಾಡಿ), ಹೊಸದಾಗಿ ಕಟ್ಟಿದವೆಲ್ಲ ‘-ಇಸು’ವಿನಿಂದ ಬರುತ್ತವೆ (ಜೋಡಿಸಿ, ಹೊಂದಿಸಿ, ಮುಳುಗಿಸಿ). ಇಂಗ್ಲಿಷನ್ನು ಉಳಿಸಿಕೊಂಡರೂ, ಸಂಸ್ಕೃತಕ್ಕೆ ಹೋದರೂ, ಅಚ್ಚಗನ್ನಡವನ್ನೇ ಕಟ್ಟಿದರೂ ಕ್ರಿಯಾರೂಪದ ಸಂದಿಗ್ಧತೆ ಹಾಗೆಯೇ ಉಳಿಯುತ್ತದೆ. ಪದಕೋಶದ ಚರ್ಚೆಯಲ್ಲಿ ಯಾವ ಪಕ್ಷ ಗೆದ್ದರೂ (5) ತಿದ್ದುಪಡಿಯಾಗುವುದಿಲ್ಲ.

5. ಪರಿಹಾರವೂ ಭಾಷೆಯೊಳಗೇ ಇದೆ

ಹಳೆಯ ಪಠ್ಯಪುಸ್ತಕಗಳ ‘ಮಾಡಿರಿ’, ‘ಬರೆಯಿರಿ’ ಎಂಬ ಪೂರ್ಣರೂಪಗಳನ್ನು ನಾವು ಈಚೆಗೆ ಬಿಗುವಿನ ಭಾಷೆಯೆಂದು ಕೈಬಿಡುತ್ತಿದ್ದೇವೆ. ಸೂಚನಾ ಬರೆಹದಲ್ಲಿ ಆ ‘-ರಿ’ ಶಿಷ್ಟಾಚಾರದ ಗುರುತು ಮಾತ್ರವಲ್ಲ. ಕೃದಂತಾವ್ಯಯವನ್ನೂ ವಿಧ್ಯರ್ಥವನ್ನೂ ಬೇರ್ಪಡಿಸುವ ವ್ಯಾಕರಣದ ಗುರುತು. ಅದರೊಡನೆ ಎರಡು ನಿಯಮಗಳನ್ನು ನಾವು ಸೂಚಿಸುತ್ತೇವೆ: ಒಂದು ವಾಕ್ಯಕ್ಕೆ ಒಂದೇ ಕ್ರಿಯೆ, ನಿಷೇಧವಿರುವ ವಾಕ್ಯದಲ್ಲಿ ಕೃದಂತಾವ್ಯಯ ಬೇಡ. ಇವನ್ನು ಅನುಸರಿಸಿ, ಕೆ-ಮಾದರಿಯ ಸಂವೇದಕವಿರುವ ಅದೇ ಉಪಕರಣಕ್ಕೆ ಪತ್ರದ ಮುಖ್ಯ ಭಾಗವನ್ನು ಹೀಗೆ ಬರೆಯಬಹುದು:

(ಅ) ಈ ಸಂವೇದಕ ಕೆ-ಮಾದರಿಯದು. ನಿಯಂತ್ರಕದ ಆಯ್ಕೆಯೂ ‘ಕೆ’ ಎಂದಿರಬೇಕು. ಹಾಗಿಲ್ಲದಿದ್ದರೆ ಮುಂದುವರಿಯಬೇಡಿರಿ.
(ಆ) ಸಂವೇದಕದ ತುದಿಯನ್ನು ಬೆರಳುಗಳಿಂದ ಹಿಡಿಯಿರಿ. ಪಿವಿ ಅಂಕಿ ಏರಬೇಕು. ಇಳಿದರೆ ತಂತಿಗಳು ಅದಲುಬದಲಾಗಿವೆ.
(ಇ) ತುದಿಯನ್ನು ಎಣ್ಣೆಯಲ್ಲಿ ಮುಳುಗಿಸಿರಿ. ಸಂವೇದಕವನ್ನು ಸ್ಟ್ಯಾಂಡಿನ ಕ್ಲ್ಯಾಂಪಿಗೆ ಬಿಗಿಯಿರಿ.
(ಈ) ಎಸ್‌ವಿ ಅಂಕಿಯನ್ನು 120ಕ್ಕೆ ಹೊಂದಿಸಿರಿ.
(ಉ) ಮಿತಿರಕ್ಷಕವನ್ನು 135ಕ್ಕೆ ಹೊಂದಿಸಿರಿ. ಈ ಅಂಕಿ ಎಣ್ಣೆಯ ಫ್ಲ್ಯಾಶ್ ಪಾಯಿಂಟಿಗಿಂತ ಸಾಕಷ್ಟು ಕೆಳಗಿರಬೇಕು.
(ಊ) ಈಗ ಹೀಟರನ್ನು ಆನ್ ಮಾಡಿರಿ. ಬಾತನ್ನು ಬಿಟ್ಟು ಹೋಗಬೇಡಿರಿ.
(ಋ) ಮಿತಿರಕ್ಷಕವು ವಿದ್ಯುತ್ತನ್ನು ಕಡಿದರೆ ಗೋಡೆಯ ಸ್ವಿಚ್ಚನ್ನು ನೀವೇ ಆಫ್ ಮಾಡಿರಿ. ಮಿತಿರಕ್ಷಕವನ್ನು ಮುಟ್ಟಬೇಡಿರಿ. ಅಧ್ಯಾಪಕರಿಗೆ ತಿಳಿಸಿರಿ.

(ಊ)ದಲ್ಲಿ ‘ಬಿಟ್ಟು’ ಎಂಬ ಕೃದಂತಾವ್ಯಯ ಉಳಿದಿರುವುದನ್ನು ಓದುಗರು ಗಮನಿಸಿರಬಹುದು. ಅದರ ವಿಧ್ಯರ್ಥ ‘ಬಿಡಿ’, ‘ಬಿಟ್ಟು ಹೋಗು’ ಎಂಬುದು ಒಂದೇ ಕ್ರಿಯೆಯಾಗಿ ಬೆಸೆದುಕೊಂಡಿದೆ, ಆದುದರಿಂದ ಸಂದಿಗ್ಧತೆಯಿಲ್ಲ. ನಮ್ಮ ನಿಯಮ ರೂಪಗಳು ಒಂದಾಗುವ ಕಡೆಗಷ್ಟೇ ಅಗತ್ಯವೆಂಬುದನ್ನು ಇದು ತೋರಿಸುತ್ತದೆ.

6. ಆಕ್ಷೇಪ ಮತ್ತು ಮಿತಿ

ಸಂದರ್ಭವೇ ಅರ್ಥವನ್ನು ನಿರ್ಧರಿಸುತ್ತದೆ, ತಿಳಿದವರು ಯಾರೂ (5)ನ್ನು ತಪ್ಪಾಗಿ ಓದುವುದಿಲ್ಲ ಎಂಬ ಆಕ್ಷೇಪ ಬರಬಹುದು. ಇದು ಭಾಗಶಃ ಸರಿ. ‘ಸಂವೇದಕವನ್ನು ಮುಳುಗಿಸಿ ಹೀಟರ್ ಆನ್ ಮಾಡಿ’ ಎಂಬಲ್ಲಿ ಎರಡು ಓದುಗಳೂ ಒಂದೇ ಕ್ರಮವನ್ನು ಕೊಡುತ್ತವೆ, ಹಾನಿಯಿಲ್ಲ. ಆದರೆ ಸಂದರ್ಭದಿಂದ ಅರ್ಥವನ್ನು ತುಂಬಿಕೊಳ್ಳಬಲ್ಲವರು ಉಪಕರಣವನ್ನು ಮೊದಲೇ ಬಲ್ಲವರು. ಅವರಿಗೆ ಸೂಚನಾಪತ್ರ ಬೇಕಿಲ್ಲ. ಬೇಕಿರುವುದು ಆ ಸಂದರ್ಭ ಗೊತ್ತಿಲ್ಲದವನಿಗೆ, ಅದರಲ್ಲೂ ಹೊಗೆ ಕಾಣಿಸಿಕೊಂಡು ಗಾಬರಿಯಾದ ಹೊತ್ತಿನಲ್ಲಿ.

ಒಂದು ಪುಟವನ್ನು ಆಧರಿಸಿದ ಈ ವಿಮರ್ಶೆ ಓದುಗರ ನಿಜವಾದ ಗ್ರಹಿಕೆಯನ್ನು ಅಳೆದಿಲ್ಲ. ಅದು ಪ್ರಯೋಗದಿಂದ ಆಗಬೇಕಾದ ಕೆಲಸ. (5)ರಂತಹ ವಾಕ್ಯಗಳನ್ನು ಕನ್ನಡಿಗರು ಯಾವ ವ್ಯಾಪ್ತಿಯಲ್ಲಿ ಓದುತ್ತಾರೆ, ಅಲ್ಪವಿರಾಮವೊಂದು ಆ ಓದನ್ನು ಬದಲಿಸುತ್ತದೆಯೇ ಎಂಬುದು ಸಂಶೋಧನ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬಹುದಾದ ಪ್ರಶ್ನೆ. ಕೃದಂತಾವ್ಯಯ ಮತ್ತು ನಿಷೇಧದ ಸಂಬಂಧವನ್ನು ದ್ರಾವಿಡ ಭಾಷಾವಿಜ್ಞಾನ ಸಿದ್ಧಾಂತದ ವಿಷಯವಾಗಿ ಚರ್ಚಿಸಿದೆ. ಅದೇ ಚರ್ಚೆಯನ್ನು ನಮ್ಮ ಕಾಲೇಜುಗಳ ಪ್ರಯೋಗಾಲಯಗಳ ಗೋಡೆಯವರೆಗೂ ಒಯ್ಯಬೇಕು.