‘ಸಮಂಜಸ ಕಾಲ’ ಯಾರ ಕಾಲ?

ವಿಮರ್ಶೆಯೆಂದರೆ ಕವನ ಸಂಕಲನಗಳನ್ನಷ್ಟೇ ಓದುವುದಲ್ಲ. ನಮ್ಮ ಹೊಲ ನುಂಗಿದ ಕಾಗದಗಳನ್ನೂ ಓದಬೇಕು.

ಪರಿಶಿಷ್ಟರಿಗೆ ಸರಕಾರ ಮಂಜೂರು ಮಾಡಿದ ಭೂಮಿ ಪರರ ಪಾಲಾಗದಿರಲೆಂದು ಬಂದದ್ದು 1978ರ ಪಿ.ಟಿ.ಸಿ.ಎಲ್. ಕಾಯ್ದೆ. ಅದರ ಮಾತು ಖಡಕ್ಕು: ಮಂಜೂರಾತಿಯ ಷರತ್ತು ಮುರಿದ ಮಾರಾಟ ಶೂನ್ಯ, ಇನ್ನು ಮುಂದೆ ಸರಕಾರದ ಅನುಮತಿಯಿಲ್ಲದೆ ಮಾರಾಟವೇ ಇಲ್ಲ. ಹೊಲ ಮರಳಿ ಕೇಳಲು ಅದು ಗಡುವು ಹಾಕಿರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ಎರಡು ಶಬ್ದ ಸೇರಿಸಿತು: ‘ಸಮಂಜಸ ಕಾಲ’ದೊಳಗೆ ಬರಬೇಕು.

ಯಾರ ಕಾಲವದು? ಖಾನಾಪುರದ ಕಡೆ ನಮ್ಮ ಹಿರೇರು ಹೆಬ್ಬೆಟ್ಟು ಒತ್ತಿದರು. ಆ ಉತಾರ ಓದೋಕೆ ಮನೆಯಲ್ಲೊಬ್ಬರು ಬಿ.ಎ. ಮುಗಿಸಬೇಕಾಯ್ತು. ಎ.ಸಿ. ಮುಂದೆ ಅರ್ಜಿ, ಬೆಳಗಾವಿಗೆ ಹೋಗಿ ಡಿ.ಸಿ. ಮುಂದೆ ಮೇಲ್ಮನವಿ; ಒಂದು ತಾರೀಖಂದ್ರ ಒಂದು ದಿನದ ಪಗಾರ ಹೋದಂಗ. “ಇಷ್ಟ ದಿನ ಎಲ್ಲಿದ್ರಿ?” ಅಂತಾರ. ನಮ್ಮ ಹೊಲದಾಗ ಕೂಲಿ ಮಾಡತಿದ್ವಿ, ಸಾಹೇಬ್ರ!

2023ರ ತಿದ್ದುಪಡಿ, ಕಾಲಮಿತಿ ಇಲ್ಲವೆಂದು ಬರೆಯಿತು. ಅದು ಹೋರಾಟದ ಫಲ. ಆದರೆ ಕಾಯ್ದೆ ತಾನಾಗಿ ನಮ್ಮ ಗುಡಿಸಲಿಗೆ ನಡೆದು ಬರುವುದಿಲ್ಲ. ಹಸಿವಿನ ಮೇಲೆ ಕವಿತೆ ಕಟ್ಟುವ ಗೆಳೆಯರೇ, ನಾವು ಮೊದಲು ನಮ್ಮ ಕೇರಿಯ ಉತಾರಗಳನ್ನು ಗಟ್ಟಿಯಾಗಿ ಓದೋಣ.