ಬೆಳಕಿಂಡಿಯೂ ಹೊಗೆ ಕೊಳವೆಯೂ

ಹಿಪ್ಪರಗಿ, ಜಮಖಂಡಿ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಅಡುಗೆಮನೆಯ ಬೆಳಕಿಂಡಿಯಷ್ಟು ಜಾಣ ವಸ್ತು ಇನ್ನೊಂದಿಲ್ಲ. ಒಲೆಯ ಹೊಗೆಯನ್ನು ಹೊರಗೆ ಬಿಡುವುದೂ ಅದೇ, ರೊಟ್ಟಿ ಬಡಿಯುವವರ ಕೈಮೇಲೆ ಬೆಳಕು ಚೆಲ್ಲುವುದೂ ಅದೇ. ಮಳೆ ಬಂತೆಂದರೆ ಮಾತ್ರ ಮಾಳಿಗೆ ಹತ್ತಿ ಮುಚ್ಚಬೇಕು. ಆಗ ಹೊಗೆ ಒಳಗೇ ಸುತ್ತುತ್ತದೆ, ಕಣ್ಣು ಉರಿಯುತ್ತದೆ.

ಈ ಕೊರತೆ ನೀಗಿಸುವಂಥದ್ದು ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಗ್ರಾಮೀಣ ತಂತ್ರಜ್ಞಾನ ಕೇಂದ್ರ ‘ಅಸ್ತ್ರ’ ಅದನ್ನು ರೂಪಿಸಿತು. ಕಟ್ಟಿಗೆ ಜಾಲರಿಯ ಮೇಲೆ ಉರಿಯುತ್ತದೆ. ಬಿಸಿಗಾಳಿ ಒಂದೊಂದೇ ಪಾತ್ರೆಯ ತಳ ಸವರಿ ಕೊಳವೆ ಸೇರುತ್ತದೆ.

ನನಗೆ ಹೆಚ್ಚು ಗೌರವ ಆ ಕೊಳವೆ ಕೂರಿಸುವ ಗೌಂಡಿಯ ಕೈಯ ಮೇಲೆ. ಒಲೆಗೂ ಕೊಳವೆಗೂ ನಡುವೆ ಬೆರಳಷ್ಟು ಸಂದಿ ಉಳಿದರೂ ತಣ್ಣನೆಯ ಗಾಳಿ ನುಗ್ಗಿ ಎಳೆತ ಸೋಲುತ್ತದೆ. ಅದಕ್ಕೇ ಕಲಸಿದ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಮೆತ್ತುತ್ತಾನೆ. ಕೊಳವೆ ಮಾಳಿಗೆ ತೂರುವಲ್ಲಿ ನೀರು ಇಳಿಯದಂತೆ ಸುತ್ತ ಸಣ್ಣ ಕಟ್ಟೆ ಕಟ್ಟುತ್ತಾನೆ.

ಕೊಳವೆ ಬಂತೆಂದು ಬೆಳಕಿಂಡಿ ಮುಚ್ಚಿಬಿಡುವುದು ತಪ್ಪು. ಒಗ್ಗರಣೆಯ ಘಾಟು, ಅನ್ನದ ಹಬೆ ಹೋಗಬೇಕಾದದ್ದು ಅಲ್ಲಿಂದಲೇ. ಹೊರಗೆ ಹೋದಷ್ಟು ಗಾಳಿ ಬಾಗಿಲಿನಿಂದಲೋ ಕಿಟಕಿಯಿಂದಲೋ ಒಳಗೆ ಬರಲೇಬೇಕು. ಇಲ್ಲವಾದರೆ ಹೊಗೆ ಒಲೆಯ ಬಾಯಿಂದಲೇ ಮನೆಗೆ ತಿರುಗುತ್ತದೆ.