ಕಠಾರಿ: ಶಬ್ದವೂ ವಸ್ತುವೂ

ನಮ್ಮ ಪ್ರಾಚೀನ ಕಾವ್ಯಗಳಲ್ಲಿ ಬರುವ ಆಯುಧಗಳ ಹೆಸರುಗಳಿಗೆ ಟೀಕಾಕಾರರು ಅರ್ಥ ಬರೆಯುವ ಬಗೆಯು ವಾಚಕರಿಗೆ ವಿದಿತವೇ ಇದೆ. ಸುರಿಗೆ ಎಂದರೂ ಕಿರುಗತ್ತಿ, ಕಠಾರಿ ಎಂದರೂ ಕಿರುಗತ್ತಿ, ಬಾಕು ಎಂದರೂ ಕಿರುಗತ್ತಿ. ಪದ್ಯದ ಅನ್ವಯಕ್ಕೆ ಇದರಿಂದ ಬಾಧೆಯಿಲ್ಲದಿರಬಹುದು. ಆದರೆ ಕವಿಯು ಯಾವ ವಸ್ತುವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದನೆಂಬುದು ಮರೆಯಾಗುವುದು. ಇತ್ತ ಹಳೆಯ ಆಯುಧಗಳನ್ನು ಸಂಗ್ರಹಿಸುವವರು ವಸ್ತುವನ್ನು ಮುಂದಿಟ್ಟುಕೊಂಡು ಹೆಸರನ್ನು ಊಹಿಸುವರು. ಇಬ್ಬರೂ ಪರಸ್ಪರರ ಕೆಲಸವನ್ನು ನೋಡದಿರುವುದರಿಂದ ಉಂಟಾಗಿರುವ ತೊಡಕನ್ನು, ಕೊಪ್ಪಳದ ಸೀಮೆಯನ್ನು ನಿದರ್ಶನವಾಗಿಟ್ಟುಕೊಂಡು, ಇಲ್ಲಿ ಪರಿಶೀಲಿಸಲಾಗುವುದು.

ವಸ್ತುಸಂಗ್ರಹಾಲಯಗಳಲ್ಲಿ ಈಗ ‘ಕಟಾರ್’ ಎಂಬ ಚೀಟಿಯನ್ನು ಹೊತ್ತಿರುವ ಆಯುಧದ ಲಕ್ಷಣವು ಸ್ಪಷ್ಟವಾಗಿದೆ. ಎರಡು ಸಮಾನಾಂತರ ಪಟ್ಟಿಗಳ ನಡುವೆ ಅಡ್ಡಲಾಗಿ ಹಿಡಿಯಿರುವುದು. ಮುಷ್ಟಿಯಿಂದ ಹಿಡಿದಾಗ ಅಲಗು ತೋಳಿನ ನೇರಕ್ಕೆ ಚಾಚುವುದು. ಗುದ್ದುವಂತೆ ತಿವಿಯಲು ಇದು ಅನುಕೂಲ. ಈ ಹೆಸರನ್ನು ಕುರಿತು ವಿವಾದವಿದೆ. ‘ಆಯಿನ್-ಇ-ಅಕ್ಬರಿ’ಯಲ್ಲಿ ಜಮಧರ, ಕಟಾರ ಎಂಬ ಎರಡು ಹೆಸರುಗಳೂ ಬಂದಿವೆ. 1880ರಲ್ಲಿ ಪ್ರಕಟವಾದ ಎಗರ್ಟನ್ನರ ಗ್ರಂಥದಲ್ಲಿ ಇವು ಅದಲುಬದಲಾದುವೆಂದೂ ಅಡ್ಡಹಿಡಿಯ ಆಯುಧಕ್ಕೆ ಜಮಧರವೆಂಬುದೇ ಯುಕ್ತವಾದ ಹೆಸರೆಂದೂ ಜಿ. ಎನ್. ಪಂತರು ವಾದಿಸಿರುವರು.

ಈ ವಾದವು ಮೊಗಲರ ಆಸ್ಥಾನದ ಮಟ್ಟಿಗೆ ಸಲ್ಲಬಹುದು. ದಕ್ಷಿಣದ ವಿಷಯವನ್ನು ಅದರಿಂದಲೇ ನಿರ್ಣಯಿಸುವುದು ಸಾಧುವಲ್ಲ. 1485ರಲ್ಲಿ ವಿಜಯನಗರದ ಸಿಂಹಾಸನವನ್ನೇರಿದ ಸಾಳುವ ನರಸಿಂಹನ ಮನೆತನಕ್ಕೆ ‘ಕಠಾರಿ ಸಾಳುವ’ ಎಂಬ ಬಿರುದಿತ್ತು. ಆದುದರಿಂದ ಶಬ್ದವು ಅಕ್ಬರನ ಕಾಲಕ್ಕಿಂತ ಮೊದಲೇ ಇಲ್ಲಿ ರೂಢವಾಗಿದ್ದಿತು. ಆದರೆ ಬಿರುದು ಶಬ್ದಕ್ಕೆ ಸಾಕ್ಷಿಯೇ ಹೊರತು ಆಕಾರಕ್ಕೆ ಸಾಕ್ಷಿಯಲ್ಲ. ಈ ಭೇದವನ್ನು ಮರೆತಲ್ಲಿಂದಲೇ ತಪ್ಪು ಆರಂಭವಾಗುವುದು.

ಗಂಗಾವತಿಯ ಸೀಮೆಯ ಕುಮ್ಮಟದುರ್ಗವು ಕುಮಾರರಾಮನ ಕಥೆಯಿಂದ ಪ್ರಸಿದ್ಧವಾದ ಸ್ಥಳ. ಇಂತಹ ನೆಲದಲ್ಲಿ ಹಳೆಯ ಕಠಾರಿಯೊಂದು ದೊರೆತರೆ ಅದನ್ನು ಆ ವೀರನ ಕಾಲಕ್ಕೆ ಸೇರಿಸುವ ಆಸೆ ಸಹಜವಾದುದು. ಅದಕ್ಕೆ ಕಾವ್ಯದ ಆಧಾರವನ್ನೂ ಕೊಡಬಹುದು. ಆದರೆ ಕಂಪಿಲಿಯ ರಾಜ್ಯವು ಅಳಿದುದು 1327ರ ಸುಮಾರಿಗೆ. ನಂಜುಂಡ ಕವಿಯು ಆ ಕಥೆಯನ್ನು ಸಾಂಗತ್ಯದಲ್ಲಿ ಬರೆದುದು 16ನೆಯ ಶತಮಾನದಲ್ಲಿ. ನಡುವೆ ಸುಮಾರು 200 ವರ್ಷಗಳ ಅಂತರವಿದೆ. ಕವಿಯು ತನ್ನ ಕಾಲದ ಆಯುಧಗಳನ್ನೇ ನಾಯಕನ ಕೈಗೆ ಕೊಡುವುದು ಲೋಕದ ರೂಢಿ. ಆದುದರಿಂದ ಕಾವ್ಯದ ಕಠಾರಿಯು ಕವಿಯ ಕಾಲಕ್ಕೆ ಪ್ರಮಾಣವಾದೀತೇ ಹೊರತು ನಾಯಕನ ಕಾಲಕ್ಕಲ್ಲ.

ಸಂಗ್ರಹದ ಇತಿಹಾಸವೂ ಎಚ್ಚರಿಕೆಯಿಂದ ನೋಡತಕ್ಕುದು. ಕೊಪ್ಪಳವು ಹೈದರಾಬಾದು ಸಂಸ್ಥಾನದ ಕಾಲದಲ್ಲಿ ಸಾಲಾರ್ ಜಂಗರ ಜಹಗೀರಾಗಿದ್ದಿತು. ಮೂರನೆಯ ಸಾಲಾರ್ ಜಂಗರ (1889–1949) ಸಂಗ್ರಹವು 1951ರಲ್ಲಿ ಹೈದರಾಬಾದಿನಲ್ಲಿ ಸಾರ್ವಜನಿಕರಿಗೆ ತೆರೆಯಿತು. ಆಯುಧಗಳ ವಿಭಾಗವೂ ಅದರಲ್ಲಿದೆ. ಅವರು ದೇಶವಿದೇಶಗಳಿಂದ ವಸ್ತುಗಳನ್ನು ತರಿಸಿದವರು. ಒಡೆಯನ ಜಹಗೀರು ಕೊಪ್ಪಳವೆಂದಮಾತ್ರಕ್ಕೆ ಅಲ್ಲಿನ ಆಯುಧವು ಕೊಪ್ಪಳದ್ದೆನ್ನಲಾಗದು. ತಂಜಾವೂರಿನ ಆಯುಧಶಾಲೆಯ ವಸ್ತುಗಳೂ 19ನೆಯ ಶತಮಾನದಲ್ಲಿ ಚದುರಿಹೋದುವು. ಮುಂಗೈಗೆ ಮರೆಯುಳ್ಳ ಆ ದಾಕ್ಷಿಣಾತ್ಯ ಕಠಾರಿಗಳಲ್ಲಿ ಹಲವಕ್ಕೆ ಯೂರೋಪಿನ ಕತ್ತಿಗಳ ಅಲಗನ್ನು ಕೂಡಿಸಿರುವರು. ಹಿಡಿಯದೊಂದು ದೇಶ, ಅಲಗಿನದೊಂದು ದೇಶ. ಒಂದೇ ಕಾಲವನ್ನು ಹೇಳುವುದು ಹೇಗೆ?

ಹೊರಗಿನ ಒಂದು ದೃಷ್ಟಾಂತವು ಇಲ್ಲಿ ಉಪಯುಕ್ತ. ಜಾವಾದ್ವೀಪದ ಕೆರಿಸ್ ಮತ್ತು ಫಿಲಿಪ್ಪೀನ್ ದ್ವೀಪಗಳ ಮೋರೋ ಜನರ ಕ್ರಿಸ್ ಹೆಸರಿನಲ್ಲಿ ಒಂದೇ ಎನ್ನಬಹುದು. ಆದರೆ ಮೊದಲನೆಯದು ತಿವಿಯುವ ಕಿರುಗತ್ತಿ, ಎರಡನೆಯದು ಕಡಿಯುವುದಕ್ಕೂ ತಕ್ಕ ದೊಡ್ಡ ಕತ್ತಿ. ಮೋರೋ ಕ್ರಿಸ್ಸಿನ ಕಾಲವನ್ನು ನಿರ್ಣಯಿಸಲು ಬಲ್ಲವರು ಅಲಗಿನ ಬುಡದ ತುಂಡನ್ನು ನೋಡುವರು: ಹಳೆಯವುಗಳಲ್ಲಿ ಅದು ಬೇರೆಯಾಗಿ ಮಾಡಿ ಕೂಡಿಸಿದುದು, ಈಚಿನ ಎಷ್ಟೋ ಕತ್ತಿಗಳಲ್ಲಿ ಬರಿಯ ಗೀರು. ಹೆಸರಿಗಿಂತ ಬೆಸುಗೆ ಹೆಚ್ಚು ನಂಬತಕ್ಕ ಸಾಕ್ಷಿಯೆಂಬುದು ಇದರ ತಾತ್ಪರ್ಯ.

ನಮ್ಮಲ್ಲಿಯೂ ಕ್ರಮವು ಹಾಗೆಯೇ ಇರಬೇಕು. ಮೊದಲು ಹಿಡಿಯ ಅಗಲ, ಪಟ್ಟಿಗಳ ಉದ್ದ, ಅಲಗನ್ನು ಹಿಡಿಗೆ ಸೇರಿಸಿರುವ ರೀತಿ, ಮೊನೆಯ ದಪ್ಪ, ಉಕ್ಕಿನ ಮೇಲಿನ ಅಲೆಗೆರೆ, ಇವನ್ನು ಬರೆದುಕೊಳ್ಳತಕ್ಕುದು. ಬಳಿಕ ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಮೆರವಣಿಗೆಯ ಸಾಲುಗಳಂತಹ, ಕಾಲ ತಿಳಿದ ಶಿಲ್ಪಗಳೊಡನೆ ಹೋಲಿಸತಕ್ಕುದು. ಹೆಸರು ಕೊನೆಗೆ ಬರಲಿ. ತುಕ್ಕನ್ನು ಉಜ್ಜಿ ಹೊಳಪು ಕೊಡುವವರು ಅಲೆಗೆರೆಯನ್ನೂ ಉಜ್ಜಿಬಿಡುವರು.

ಎಲ್ಲಕ್ಕಿಂತ ಮುಖ್ಯವಾದುದು ದೊರೆತ ಸ್ಥಳ. 1972ರ ಶಾಸನದಂತೆ 100 ವರ್ಷಕ್ಕೆ ಮೀರಿದ ಇಂತಹ ವಸ್ತುಗಳು ಪುರಾತನ ವಸ್ತುಗಳೆನಿಸುವುವು. ಖಾಸಗಿಯವರು ಅವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಆದರೆ ಶಾಸನವು ವಸ್ತುವನ್ನು ಕಾಯಬಹುದು, ಅದರ ಊರನ್ನು ಕಾಯಲಾರದು. ಕುಷ್ಟಗಿಯಲ್ಲಿಯೋ ಯಲಬುರ್ಗಿಯಲ್ಲಿಯೋ ಮಹಾನವಮಿಯ ಪೂಜೆಗೆ ಇಡುವ ಕಠಾರಿಯೊಂದು ವ್ಯಾಪಾರಿಯ ಕೈಸೇರಿದ ದಿನವೇ ‘ವಿಜಯನಗರದ್ದು’ ಎಂಬ ಬೆಲೆಬಾಳುವ ಹೆಸರನ್ನು ಪಡೆದು, ತನ್ನ ಊರಿನ ಹೆಸರನ್ನು ಕಳೆದುಕೊಳ್ಳುವುದು. ಅದರೊಡನೆ, ಆ ಮನೆಯವರು ಅದನ್ನು ಯಾವ ಶಬ್ದದಿಂದ ಕರೆಯುತ್ತಿದ್ದರೆಂಬುದೂ ಹೋಗುವುದು. ಆ ಶಬ್ದವನ್ನು ಬರೆದಿಡುವ ಕೆಲಸವು ಸಾಹಿತ್ಯದ ಅಧ್ಯಾಪಕರಿಗೆ ಸೇರಿದುದು. ಟೀಕೆಯಲ್ಲಿ ‘ಕಿರುಗತ್ತಿ’ ಎಂದು ಬರೆಯುವ ಮೊದಲು ಅಷ್ಟನ್ನಾದರೂ ಮಾಡುವುದು ಉಚಿತ.